ಇನ್ಸುಲಿನ್ ಚರಿತ್ರೆಯಲ್ಲಿ ಇಬ್ಬರು ವಿದ್ಯಾರ್ಥಿಗಳು

ಸಂಶೋಧನೆಯೆಲ್ಲ ಎಂ.ಡಿ. ಮುಗಿದ ಮೇಲೆ ನೋಡೋಣ ಎಂಬ ಮಾತು ನಮ್ಮ ವೈದ್ಯಕೀಯ ವಿದ್ಯಾರ್ಥಿಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಇನ್ಸುಲಿನ್‌ನ ಚರಿತ್ರೆ ಓದಿದವರು ಹಾಗೆ ಹೇಳಲಾರರು.

1869ರಲ್ಲಿ ಬರ್ಲಿನ್‌ನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್, ಪದವಿಗಾಗಿ ಬರೆದ ಪ್ರಬಂಧದಲ್ಲಿ ಮೇದೋಜ್ಜೀರಕ ಗ್ರಂಥಿಯೊಳಗೆ ಬೇರೆಯಾಗಿ ಕಾಣುವ ಜೀವಕೋಶಗಳ ಸಣ್ಣ ಸಣ್ಣ ಗುಂಪುಗಳನ್ನು ವರ್ಣಿಸಿದನು. ಆಗ ಅವನ ವಯಸ್ಸು 21. ಅವುಗಳ ಕೆಲಸವೇನೆಂದು ತನಗೆ ತಿಳಿಯದೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡನು. ಈ ಪ್ರಾಮಾಣಿಕತೆ ನನಗೆ ಆ ಶೋಧದಷ್ಟೇ ದೊಡ್ಡದಾಗಿ ಕಾಣುತ್ತದೆ. ಆತ 1888ರಲ್ಲಿ ತೀರಿಕೊಂಡರು. ಮರುವರ್ಷವೇ, ಈ ಗ್ರಂಥಿಯನ್ನು ತೆಗೆದರೆ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತದೆಂದು ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ತೋರಿಸಿದರು. ಆ ಗುಂಪುಗಳಿಗೆ ‘ಲ್ಯಾಂಗರ್‌ಹಾನ್ಸ್ ದ್ವೀಪಗಳು’ ಎಂಬ ಹೆಸರು ಬಂದದ್ದು 1893ರಲ್ಲಿ.

ಇನ್ನು ಟೊರಾಂಟೊ, 1921ರ ಬೇಸಿಗೆ. ಶಸ್ತ್ರವೈದ್ಯ ಫ್ರೆಡರಿಕ್ ಬ್ಯಾಂಟಿಂಗ್‌ಗೆ ಪ್ರೊಫೆಸರ್ ಮೆಕ್ಲಿಯೋಡ್ ಪ್ರಯೋಗಾಲಯ, ನಾಯಿಗಳು ಮತ್ತು ವಿದ್ಯಾರ್ಥಿ ಸಹಾಯಕರನ್ನು ಒದಗಿಸಿದರು. ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್, ಈ ಇಬ್ಬರಲ್ಲಿ ಮೊದಲ ಪಾಳಿ ಯಾರದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಿದರಂತೆ. ಪಾಳಿ ಬೆಸ್ಟ್‌ಗೆ ಬಂತು, ಮತ್ತೆ ಬದಲಾಗಲೇ ಇಲ್ಲ. ಪಾಪ, ನೋಬಲ್!

22ರ ಹರೆಯದ ಬೆಸ್ಟ್ ಆಗ ತಾನೇ ಬಿ.ಎ. ಪರೀಕ್ಷೆ ಮುಗಿಸಿದ್ದನು. ರಕ್ತದಲ್ಲೂ ಮೂತ್ರದಲ್ಲೂ ಸಕ್ಕರೆಯ ಅಂಶ ಅಳೆಯುವುದು ಅವನ ಕೆಲಸ. ಕೆಲಸ ಅಚ್ಚುಕಟ್ಟಾಗಿಲ್ಲವೆಂದು ಬ್ಯಾಂಟಿಂಗ್ ಒಮ್ಮೆ ಗದರಿದ್ದೂ ಉಂಟು. ಹುಡುಗ ಮುನಿಸಿಕೊಂಡು ಮನೆಗೆ ಹೋಗಲಿಲ್ಲ, ತಿದ್ದಿಕೊಂಡನು. ಸೆಕೆಯಲ್ಲಿ ನಾಯಿಗಳು ಒಂದೊಂದಾಗಿ ಸಾಯುತ್ತಿದ್ದರೂ ಇಬ್ಬರೂ ಬಿಡದೆ ದುಡಿದರು. ಗ್ರಂಥಿಯ ಸಾರ ಚುಚ್ಚಿದಾಗ ನಾಯಿಯ ರಕ್ತದ ಸಕ್ಕರೆ ಇಳಿಯಿತು.

1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಇವರ ಸಾರವನ್ನು ಚುಚ್ಚಲಾಯಿತು. ಹೇಳಿಕೊಳ್ಳುವಂಥ ಗುಣವಾಗಲಿಲ್ಲ, ಚುಚ್ಚಿದ ಜಾಗ ಬಾತುಕೊಂಡಿತು. ಜೀವರಸಾಯನ ತಜ್ಞ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ 23ರಂದು ಕೊಟ್ಟಾಗ ಬಾಲಕ ಚೇತರಿಸಿಕೊಂಡನು. ಆದ್ದರಿಂದ ಇಬ್ಬರೇ ಇನ್ಸುಲಿನ್ ಕಂಡುಹಿಡಿದರೆಂಬ ಪಠ್ಯಪುಸ್ತಕದ ಕಥೆ ಪೂರ್ತಿ ನಿಜವಲ್ಲ. ಹಾಗೆಂದು ವಿದ್ಯಾರ್ಥಿಯ ಪಾಲನ್ನು ಕಡೆಗಣಿಸುವುದೂ ನ್ಯಾಯವಲ್ಲ. 1923ರ ನೊಬೆಲ್ ಬಹುಮಾನ ಬ್ಯಾಂಟಿಂಗ್ ಮತ್ತು ಮೆಕ್ಲಿಯೋಡ್ ಅವರಿಗೆ ಮಾತ್ರ ಬಂತು. ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು, ಮೆಕ್ಲಿಯೋಡ್ ಕಾಲಿಪ್‌ಗೆ ಕೊಟ್ಟರು. ಬೆಸ್ಟ್ ಆ ಮೇಲೆ ವೈದ್ಯ ಪದವಿ ಪಡೆದು, 1929ರಲ್ಲಿ ಮೆಕ್ಲಿಯೋಡರ ಪೀಠಕ್ಕೇ ಪ್ರಾಧ್ಯಾಪಕರಾದರು.

ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಪದವಿ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವೇತನ ಯೋಜನೆಯನ್ನು 1979ರಲ್ಲಿ ಆರಂಭಿಸಿತು. ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಕೆಲಸ.