ಪಟ್ಟಿಯ ಹಿಂದಿನ ಬೆರಳು

ಫೋನಿನಲ್ಲಿ ಹೆಸರುಗಳ ಪಟ್ಟಿಯನ್ನು ನಾವು ಬೆರಳಿನಿಂದ ಸರಿಸುತ್ತ ಹೋಗುತ್ತೇವೆ. ಸಾವಿರ ಹೆಸರಿದ್ದರೂ ಪರದೆಯ ಮೇಲೆ ಕಾಣುವುದು ಹತ್ತೋ ಹನ್ನೆರಡೋ. ಉಳಿದವು ಒಳಗೆ ಡೇಟಾಬೇಸಿನಲ್ಲಿರುತ್ತವೆ. ಅಲ್ಲಿ ‘ಈಗ ಓದುತ್ತಿರುವುದು ಈ ಸಾಲು’ ಎಂದು ಗುರುತು ಹಿಡಿದಿರುವ ಇನ್ನೊಂದು ಬೆರಳಿದೆ. ಅದರ ಹೆಸರು ಕರ್ಸರ್. ಆ ಬೆರಳಿನ ಚರಿತ್ರೆಯಲ್ಲಿ ನಮ್ಮ ದಕ್ಷಿಣ ಕ್ಯಾಲಿಫೋರ್ನಿಯಾದ ಎರಡು ನಗರಗಳಿಗೆ ಪಾಲಿದೆ.

ಮೊದಲನೆಯದು ಲಾಸ್ ಏಂಜಲೀಸ್. ಪಕ್ಕದ ಪ್ಯಾಸಡೀನಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರ‍್ಯಾಟ್ಲಿಫ್, ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಕಚೇರಿಯ ಪಂತ ಗೆಲ್ಲಲೆಂದು 1978ರಲ್ಲಿ ‘ವಲ್ಕನ್’ ಎಂಬ ಡೇಟಾಬೇಸ್ ಬರೆದರು. ಆ್ಯಷ್ಟನ್-ಟೇಟ್ ಕಂಪನಿ ಅದನ್ನೇ ‘ಡಿಬೇಸ್ ಟು’ ಎಂದು ಮಾರಿತು. ಸಣ್ಣ ಕಂಪ್ಯೂಟರಿನ ಸ್ಮರಣೆಯಲ್ಲಿ ಇಡೀ ಕಡತ ಹಿಡಿಸುತ್ತಿರಲಿಲ್ಲ. ಹಾಗಾಗಿ ಒಂದು ಗುರುತು ಒಂದೊಂದೇ ದಾಖಲೆಯ ಮೇಲೆ ನಿಲ್ಲುತ್ತಿತ್ತು. ‘ಗೋ ಟಾಪ್’ ಎಂದರೆ ಮೊದಲ ಸಾಲಿಗೆ, ‘ಸ್ಕಿಪ್’ ಎಂದರೆ ಮುಂದಿನ ಸಾಲಿಗೆ.

ಎರಡನೆಯದು ಸ್ಯಾನ್ ಡಿಯೇಗೊ. ಅಲ್ಲಿನ ಕ್ವಾಲ್‌ಕಾಮ್ 2001ರಲ್ಲಿ ‘ಬ್ರೂ’ ಎಂಬ ಮೊಬೈಲ್ ಆ್ಯಪ್ ವೇದಿಕೆಯನ್ನು ಹೊರತಂದಿತು. ಫೋನಿನ ಸ್ಮರಣೆ ಇನ್ನೂ ಕಿರಿದು. ಅಲ್ಲಿಯೂ ಮುಂದಿನ ದಾಖಲೆಯನ್ನು ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಅದೇ ಕಷ್ಟಕ್ಕೆ ಅದೇ ಉಪಾಯ, ಅಷ್ಟೇ.

2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನೊಳಗೆ ಇದ್ದದ್ದೂ ಕ್ವಾಲ್‌ಕಾಮ್ ಚಿಪ್ಪೇ. ಆಂಡ್ರಾಯ್ಡಿನಲ್ಲಿ ತೆರೆದ ಕರ್ಸರನ್ನು ಮುಚ್ಚುವವರು ಯಾರು ಎಂಬುದೇ ತಲೆನೋವಾಯಿತು. ಮುಚ್ಚದಿದ್ದರೆ ಸ್ಮರಣೆ ಪೋಲು. ಬೇಗ ಮುಚ್ಚಿದರೆ ಪಟ್ಟಿ ತೋರಿಸುತ್ತಿರುವಾಗಲೇ ಆ್ಯಪ್ ಕುಸಿಯುತ್ತದೆ. ಮೊದಲು ಆ ಹೊಣೆಯನ್ನು ಪರದೆಗೇ ಒಪ್ಪಿಸಿದರು. ಬಳಕೆದಾರ ಹೊರಹೋಗಿ ಮರಳಿದಾಗಲೆಲ್ಲ ಪರದೆ ತಾನೇ ಡೇಟಾಬೇಸನ್ನು ಮತ್ತೆ ಕೇಳುತ್ತಿತ್ತು. ಉತ್ತರ ತಡವಾದರೆ ಫೋನು ಸ್ತಬ್ಧ. 2011ರ ಆಂಡ್ರಾಯ್ಡ್ 3.0ರಲ್ಲಿ ಈ ಕೆಲಸ ‘ಕರ್ಸರ್ ಲೋಡರ್’ ಪಾಲಾಯಿತು. ಅದು ಹಿನ್ನೆಲೆಯಲ್ಲಿ ಓದುತ್ತದೆ, ಫೋನನ್ನು ಅಡ್ಡ ತಿರುಗಿಸಿದರೂ ಕರ್ಸರನ್ನು ಕಾಪಾಡುತ್ತದೆ, ಕೊನೆಗೆ ತಾನೇ ಮುಚ್ಚುತ್ತದೆ. 2017ರಲ್ಲಿ ಬಂದ ‘ರೂಮ್’ ಕರ್ಸರನ್ನು ಬಹುಮಟ್ಟಿಗೆ ಪ್ರೋಗ್ರಾಮರನ ಕಣ್ಣಿಂದಲೇ ಮರೆಮಾಡಿತು.

ವೈದ್ಯನಾದ ನನಗೆ ಇದರಲ್ಲಿ ಹಿಡಿಸಿದ್ದು ಇನ್ನೊಂದು ನಿಯಮ. ಆಂಡ್ರಾಯ್ಡಿನಲ್ಲಿ ಕರ್ಸರನ್ನು ಪಟ್ಟಿಗೆ ಜೋಡಿಸುವ ‘ಕರ್ಸರ್ ಅಡಾಪ್ಟರ್’ ಪ್ರತಿ ಸಾಲಿಗೂ ತನ್ನದೇ ಗುರುತಿನ ಸಂಖ್ಯೆ ಇರಲೇಬೇಕೆನ್ನುತ್ತದೆ. ‘ಮೂರನೆಯ ಸಾಲು’ ಎಂಬುದು ಸ್ಥಾನವೇ ಹೊರತು ಗುರುತಲ್ಲ. ಮೇಲೊಂದು ಹೊಸ ಹೆಸರು ಸೇರಿದರೆ ಅದು ನಾಲ್ಕನೆಯದಾಗುತ್ತದೆ. ವಾರ್ಡಿನಲ್ಲಿ ‘ಮೂರನೇ ಹಾಸಿಗೆಯವರಿಗೆ ಇಂಜೆಕ್ಷನ್’ ಎಂದು ಹೇಳಬಾರದೆಂದು ಕಲಿಸುವುದು ಇದಕ್ಕೇ. ರಾತ್ರಿ ಅಲ್ಲಿದ್ದವರು ಬೆಳಗ್ಗೆ ಅಲ್ಲೇ ಇರಬೇಕೆಂದಿಲ್ಲ. ಕೈಯ ಪಟ್ಟಿಯಲ್ಲಿನ ಹೆಸರು, ಸಂಖ್ಯೆ ನೋಡಿಯೇ ಮದ್ದು.

ನಮ್ಮ ಮಕ್ಕಳಲ್ಲಿ ಹಲವರು ಇಂಥ ಆ್ಯಪ್‌ಗಳನ್ನು ಬರೆಯುವವರೇ. ಮುಂದಿನ ಸಲ ಅವರು ಮನೆಗೆ ಬಂದಾಗ ‘ಪಟ್ಟಿಯ ಹಿಂದಿನ ಬೆರಳನ್ನು ಯಾರು ಎತ್ತುತ್ತಾರೆ?’ ಎಂದು ಕೇಳಿ ನೋಡಿ. ಊಟದ ಮೇಜಿನಲ್ಲಿ ಎರಡು ತಲೆಮಾರಿಗೂ ಮಾತಿಗೊಂದು ವಿಷಯ ಸಿಕ್ಕೀತು.