ಜಿಮ್ಮಿ ಕ್ಲ್ಯಾಕ್ಸ್‌ಟನ್‌ನ ಕಾರ್ಡು

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಹೋದ ತಿಂಗಳು ನಮ್ಮ ಅಣ್ಣನ ಮಗ ಬೆಂಗಳೂರಲ್ಲಿ ರೂಮು ಹುಡುಕ್ತಿದ್ದ. ಮೂರು ಮನೆಗಳಲ್ಲೂ "ನೀವು ಯಾವ ಪೈಕಿ?" ಅಂತಲೇ ಮೊದಲ ಪ್ರಶ್ನೆ. ಎರಡು ಕಡೆ ನಿಜ ಹೇಳಿದ. ಎರಡೂ ಕಡೆ "ಅಯ್ಯೋ, ಈಗಷ್ಟೇ ಬೇರೆಯವರಿಗೆ ಕೊಟ್ಬಿಟ್ವಿ" ಅಂದ್ರು. ಮೂರನೇ ಕಡೆ ಬೇರೆ ಜಾತಿ ಹೇಳಿ ಬೀಗದ ಕೈ ಇಸ್ಕೊಂಡ. ರಾತ್ರಿ ಫೋನ್ ಮಾಡಿ "ಚಿಕ್ಕಪ್ಪಾ, ನಾನು ಮಾಡಿದ್ದು ತಪ್ಪಾ?" ಅಂದ. ನನಗೆ ತಕ್ಷಣ ಮಾತೇ ಹೊರಡಲಿಲ್ಲ. ನೆನಪಿಗೆ ಬಂದದ್ದು ಅಮೆರಿಕದ ಒಂದು ಹಳೆಯ ಬೇಸ್‌ಬಾಲ್ ಕಾರ್ಡು. ಅದರ ಕತೆ ಹೇಳ್ತೀನಿ.

ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಕ್ರಿಕೆಟ್ ಕಾರ್ಡು ಬರ್ತಿತ್ತಲ್ಲ, ಅದರ ಮುತ್ತಜ್ಜ ಅಮೆರಿಕದ ಸಿಗರೇಟ್ ಪ್ಯಾಕಿನಲ್ಲಿ ಹುಟ್ಟಿದ್ದು. ಪ್ಯಾಕು ಮಡಚಬಾರದು ಅಂತ ಒಳಗೊಂದು ರಟ್ಟು, ರಟ್ಟಿನ ಮೇಲೆ ಆಟಗಾರನ ಚಿತ್ರ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೀಗೆ ಐನೂರಕ್ಕೂ ಹೆಚ್ಚು ಬಗೆಯ ಕಾರ್ಡು ಹೊರತಂದಿತು. ಸಂಗ್ರಹಕಾರರು ಅದನ್ನ 'ಟಿ206' ಅಂತಾರೆ. ಅದರಲ್ಲಿ ಹೋನಸ್ ವ್ಯಾಗ್ನರ್‌ನ ಕಾರ್ಡು ಬಲು ಅಪರೂಪ. ಅವನು ತನ್ನ ಚಿತ್ರ ಬೇಡ ಅಂದ. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳಬಾರದು ಅಂತ ಕೆಲವರು, ಕಂಪನಿ ದುಡ್ಡು ಕೊಡಲಿಲ್ಲ ಅಂತ ಇನ್ನು ಕೆಲವರು. 2022ರಲ್ಲಿ ಅದರ ಒಂದು ಪ್ರತಿ 72 ಲಕ್ಷ 50 ಸಾವಿರ ಡಾಲರಿಗೆ ಹೋಯ್ತು.

ಬೇಡ ಅಂದವನ ಕತೆ ಜಗತ್ತಿಗೇ ಗೊತ್ತು. ಆದ್ರೆ ಆ ಐನೂರು ಚಿಲ್ಲರೆ ಕಾರ್ಡುಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿಲ್ಲ. ಅವರನ್ನ "ಬೇಕಾ" ಅಂತ ಕೇಳಿದವರೇ ಇಲ್ಲ.

ಆಡುವವರು ಇರಲಿಲ್ಲ ಅಂದ್ಕೋಬೇಡಿ. ಜಾನ್ ಹೆನ್ರಿ ಲಾಯ್ಡ್ ಅಂತ ಒಬ್ಬ, 1884ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದವ. ವ್ಯಾಗ್ನರ್ ಆಡ್ತಿದ್ದ ಜಾಗದಲ್ಲೇ, ಶಾರ್ಟ್‌ಸ್ಟಾಪ್ ಆಗಿ ಆಡ್ತಿದ್ದ. ಜನ ಅವನನ್ನ 'ಕಪ್ಪು ವ್ಯಾಗ್ನರ್' ಅಂತ ಕರೀತಿದ್ರು. ಆ ಹೋಲಿಕೆ ನನಗೇ ಗೌರವ ಅಂತ ಸ್ವತಃ ವ್ಯಾಗ್ನರ್ ಹೇಳಿದ್ದ. (ನಮ್ಮಲ್ಲೂ ಇದೇ ರೋಗ. ನಮ್ಮವರು ಎಷ್ಟೇ ಮೇಲೇರಲಿ, ಅವರ ಕಡೆಯವರೊಬ್ಬರ ಹೆಸರು ತಂದು ಅಂಟಿಸಿದ್ರೇನೇ ಹೊಗಳಿಕೆ.) ಆಟ ಮುಗಿದ ಮೇಲೆ ಲಾಯ್ಡ್ ಅಟ್ಲಾಂಟಿಕ್ ಸಿಟಿಯ ಶಾಲೆಗಳಲ್ಲಿ ಜಾಡಮಾಲಿಯಾಗಿ ದುಡಿದ. ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 1977ರಲ್ಲಿ, ಅವನು ತೀರಿಹೋಗಿ ಎಷ್ಟೋ ವರ್ಷದ ಮೇಲೆ.

ಈ ಬಾಗಿಲು ತಾನಾಗೇ ಮುಚ್ಚಿಕೊಂಡದ್ದಲ್ಲ, ಮುಚ್ಚಿದ ಕೈಗಳಿವೆ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಅನ್ನೋ ಕಪ್ಪು ಯುವಕ ಟೊಲೆಡೊ ತಂಡದ ಪರ ದೊಡ್ಡ ಲೀಗಿನಲ್ಲಿ 42 ಪಂದ್ಯ ಆಡಿದ. ಕಾಲೇಜು ಓದಿದವನು. ಅವನು ಕ್ಯಾಚರ್, ಅಂದ್ರೆ ನಮ್ಮ ವಿಕೆಟ್ ಕೀಪರ್ ಥರ. ಚೆಂಡು ಹೇಗೆ ಎಸೀಬೇಕು ಅಂತ ಪಿಚರ್‌ಗೆ ಸನ್ನೆ ಮಾಡೋದು ಕ್ಯಾಚರನ ಕೆಲಸ. ಅವನ ತಂಡದ ಪಿಚರ್ ಟೋನಿ ಮುಲೇನ್ ಕಪ್ಪು ಮನುಷ್ಯನ ಸನ್ನೆ ಪಾಲಿಸಲ್ಲ ಅಂತ ತನಗೆ ತೋಚಿದಂಗೆ ಎಸೀತಿದ್ದ. ವಾಕರ್ ಬರಿ ಅಂದಾಜಿನ ಮೇಲೆ ಹಿಡೀತಿದ್ದ. ಎಷ್ಟೋ ವರ್ಷದ ಮೇಲೆ ಮುಲೇನೇ ಒಪ್ಪಿಕೊಂಡ: ನಾನು ಕಂಡವರಲ್ಲೇ ಅವನು ಅತ್ಯುತ್ತಮ ಕ್ಯಾಚರ್, ಆದ್ರೂ ನಾನು ಹಂಗೆ ಮಾಡ್ತಿದ್ದೆ ಅಂತ. ಒಪ್ಪಿಕೊಂಡ ಹೊತ್ತಿಗೆ ಯಾರಿಗೇನು ಪ್ರಯೋಜನ ಬಿಡಿ.

ಷಿಕಾಗೊ ತಂಡದ ಕ್ಯಾಪ್ಟನ್ ಕ್ಯಾಪ್ ಆನ್ಸನ್ ಆ ಕಾಲದ ದೊಡ್ಡ ಸ್ಟಾರ್. 1883ರಲ್ಲಿ ವಾಕರ್ ಇದ್ರೆ ನಾವು ಆಡಲ್ಲ ಅಂತ ಹಠ ಹಿಡಿದ. ಹಂಗಾದ್ರೆ ಟಿಕೆಟ್ ದುಡ್ಡಿನ ಪಾಲು ಇಲ್ಲ ಅಂದಾಗ ತೆಪ್ಪಗೆ ಆಡಿದ. 1887ರ ಜುಲೈ 14ರಂದು ಮತ್ತೆ ಅದೇ ಹಠ. ಈ ಸಲ ಗೆದ್ದ. ಅದೇ ದಿನ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಇನ್ನು ಮುಂದೆ ಕಪ್ಪು ಆಟಗಾರರ ಜೊತೆ ಹೊಸ ಕರಾರು ಬೇಡ ಅಂತ ಮತ ಹಾಕಿದ್ರು. ಅದೇ ಸುಮಾರಿಗೆ ಅಲೆನ್ ಅಂಡ್ ಗಿಂಟರ್ ಸಿಗರೇಟಿನವರು ಜಗತ್ತಿನ ಚಾಂಪಿಯನ್ನರು ಅಂತ ಬಣ್ಣದ ಕಾರ್ಡು ಹೊರತಂದ್ರು. ಅದರಲ್ಲಿ ಆನ್ಸನ್ ಇದ್ದಾನೆ.

ಈಗ ನನ್ನ ಕಾರ್ಡಿಗೆ ಬರ್ತೀನಿ.

ಜಿಮ್ಮಿ ಕ್ಲ್ಯಾಕ್ಸ್‌ಟನ್ 1892ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಹುಟ್ಟಿದವನು, ಬೆಳೆದದ್ದು ಅಮೆರಿಕದ ಟಕೋಮಾ ಕಡೆ. ತಾಯಿ ಬಿಳಿ, ತಂದೆಯ ಕಡೆ ಕಪ್ಪು ರಕ್ತವೂ ಇತ್ತು, ಮೂಲನಿವಾಸಿ ರಕ್ತವೂ ಇತ್ತು. ಎಡಗೈ ಪಿಚರ್. 1916ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಓಕ್ಸ್ ತಂಡಕ್ಕೆ ಒಬ್ಬ ಅಭಿಮಾನಿ ಇವನನ್ನ "ನಮ್ಮ ಬುಡಕಟ್ಟಿನ ಹುಡುಗ" ಅಂತ ಪರಿಚಯಿಸಿದ. ಮೂಲನಿವಾಸಿ ಅಂದ್ರೆ ಹೆಂಗೋ ಸೈರಿಸ್ಕೊತಿದ್ರು, ಕಪ್ಪು ಅಂದ್ರೆ ಇಲ್ಲ. ಆ ಏಣಿಯ ಮೆಟ್ಟಿಲುಗಳನ್ನ ನಿಮಗೆ ನಾನು ವಿವರಿಸೋದು ಬೇಡ. ಮೇ 28ರಂದು ಒಂದೇ ದಿನದ ಎರಡು ಪಂದ್ಯದಲ್ಲೂ ಅವನಿಗೆ ಎಸೆಯೋಕೆ ಸಿಕ್ತು, ಎರಡೂ ಸೇರಿ ಮೂರು ಇನಿಂಗ್ಸ್ ಕೂಡ ಇಲ್ಲ. ಒಂದು ವಾರ ಕಳೆಯೋದ್ರೊಳಗೆ ಗೆಳೆಯನೊಬ್ಬ ಇವನ ಮೂಲ ಬಾಯಿಬಿಟ್ಟ. ಕೆಲಸ ಹೋಯ್ತು.

ಆದ್ರೆ ಅದೇ ವಾರ, ಸ್ಯಾನ್ ಫ್ರಾನ್ಸಿಸ್ಕೊದ ಮಿಠಾಯಿ ಕಂಪನಿಯೊಂದರ ಫೋಟೊಗ್ರಾಫರ್ ಮೈದಾನಕ್ಕೆ ಬಂದಿದ್ದ. 'ಝೀನಟ್' ಅನ್ನೋ ಮಿಠಾಯಿ ಜೊತೆ ಕೊಡೋ ಕಾರ್ಡಿಗೆ ಎಲ್ಲರ ಜೊತೆ ಕ್ಲ್ಯಾಕ್ಸ್‌ಟನ್‌ನನ್ನೂ ನಿಲ್ಲಿಸಿ ಫೋಟೊ ತೆಗೆದ. ಅವನನ್ನ ಹೊರಗೆ ಹಾಕಿದ್ರು, ಕಾರ್ಡು ಮಾತ್ರ ಅಚ್ಚಾಗಿ ಮಿಠಾಯಿ ಪೊಟ್ಟಣದಲ್ಲಿ ಮಕ್ಕಳ ಕೈ ಸೇರ್ತು. ಅಮೆರಿಕದ ಬೇಸ್‌ಬಾಲ್ ಕಾರ್ಡಿನಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಆಟಗಾರ ಅಂತ ಇವತ್ತು ಇತಿಹಾಸಕಾರರು ಗುರುತಿಸೋದು ಅವನನ್ನೇ. ತಾನು ಯಾರು ಅಂತ ಹೇಳದೆ ಇದ್ದದ್ದಕ್ಕೇ ಸಿಕ್ಕ ಜಾಗ.

ಮುಚ್ಚಿಡದೆ ಆಡಿದವರಿಗೆ ಕಾರ್ಡು ಸಿಗಬೇಕಾದ್ರೆ ಸಮುದ್ರ ದಾಟಬೇಕಿತ್ತು. ಆಸ್ಕರ್ ಚಾರ್ಲ್ಸ್‌ಟನ್ ಇಂಡಿಯಾನಾಪೊಲಿಸ್‌ನವನು, ಇವತ್ತಿಗೂ ಅವನಂಥ ಆಟಗಾರ ಇನ್ನೊಬ್ಬನಿಲ್ಲ ಅನ್ನುವವರಿದ್ದಾರೆ. ಅವನ ಚಿತ್ರ 1923-24ರಲ್ಲಿ ಕ್ಯೂಬಾದ ಸಿಗರೇಟ್ ಕಾರ್ಡಿನಲ್ಲಿ ಬಂತು. ಜಾಶ್ ಗಿಬ್ಸನ್ ಕತೆ ಇನ್ನೂ ಕಹಿ. ನೀಗ್ರೊ ಲೀಗಿನ ಮಹಾ ಹೊಡೆತಗಾರ, 35 ವರ್ಷಕ್ಕೆ 1947ರ ಜನವರಿಯಲ್ಲಿ ತೀರಿಕೊಂಡ. ಮೂರೇ ತಿಂಗಳಿಗೆ, ಏಪ್ರಿಲ್ 15ಕ್ಕೆ, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದ. ಗಿಬ್ಸನ್‌ನ ಹೆಸರಾಂತ ಕಾರ್ಡು ಪೋರ್ಟೊರಿಕೊದ್ದು, ಅವನು ಸತ್ತ ಮೇಲೆ ಬಂದದ್ದು. ನೀಗ್ರೊ ಲೀಗಿನ ಅಂಕಿಗಳನ್ನ ಅಧಿಕೃತ ದಾಖಲೆಗೆ ಸೇರಿಸಿದ್ದು 2024ರಲ್ಲಿ. ಸೇರಿಸಿ ನೋಡಿದ್ರೆ ಬ್ಯಾಟಿಂಗ್ ಸರಾಸರಿಯಲ್ಲಿ ಟೈ ಕಾಬ್‌ನನ್ನೂ ದಾಟಿ ಗಿಬ್ಸನ್ ಎಲ್ಲರಿಗಿಂತ ಮೇಲೆ, .372!

ಸ್ಯಾಚೆಲ್ ಪೇಜ್ ಅಂತ ಪಿಚರ್, ದೊಡ್ಡ ಲೀಗು ಬಾಗಿಲು ತೆರೆದಾಗ ಅವನಿಗೆ 42 ವರ್ಷ. ಬೇರೆಯವರು ನಿವೃತ್ತಿ ಆಗೋ ವಯಸ್ಸಲ್ಲಿ ಅವನು 'ಹೊಸಬ'. 1949ರಲ್ಲಿ ಅವನ ಕಾರ್ಡೂ ಬಂತು. 1953ರ ಟಾಪ್ಸ್ ಕಾರ್ಡಿನಲ್ಲಿ ಅವನ ಹೆಸರನ್ನೇ ತಪ್ಪು ಬರೆದಿದ್ದಾರೆ, ಒಂದು 'ಎಲ್' ಜಾಸ್ತಿ. 1965ರಲ್ಲಿ 59ನೇ ವಯಸ್ಸಿಗೆ ಒಂದು ಪಂದ್ಯದಲ್ಲಿ ಮೂರು ಇನಿಂಗ್ಸ್ ಎಸೆದ, ಬಿಟ್ಟುಕೊಟ್ಟದ್ದು ಒಂದೇ ಹಿಟ್ಟು.

ಇದನ್ನೆಲ್ಲ ಓದ್ತಾ ಇದ್ರೆ ನನಗೆ ನಮ್ಮ ಧಾರವಾಡ ನೆನಪಾಗುತ್ತೆ. ಪಲ್ವಾಂಕರ್ ಬಾಳೂ ಹುಟ್ಟಿದ್ದು ಅಲ್ಲೇ, 1876ರಲ್ಲಿ, ಚಮ್ಮಾರ ಕುಟುಂಬದಲ್ಲಿ. ಅವನೂ ಎಡಗೈ ಬೌಲರ್. ಪುಣೆಯಲ್ಲಿ ಹಿಂದೂ ತಂಡಕ್ಕೆ ಅವನ ಬೌಲಿಂಗ್ ಬೇಕಿತ್ತು, ಆದ್ರೆ ಟೀ ಮಾತ್ರ ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ಆದ್ರೂ ಹಿಂದೂ ತಂಡದ ಕ್ಯಾಪ್ಟನ್ ಮಾಡಲಿಲ್ಲ. ತಮ್ಮ ವಿಠ್ಠಲನಿಗೆ ಆ ಪಟ್ಟ ಸಿಗೋಕೆ 1923 ಬರಬೇಕಾಯ್ತು. ಮುಂದೆ 1937ರ ಚುನಾವಣೆಯಲ್ಲಿ ಬಾಳೂ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ನಿಂತು ಸೋತ. ಆ ಕಾರಣಕ್ಕೆ ನಮ್ಮಲ್ಲೇ ಕೆಲವರು ಅವನ ಹೆಸರೆತ್ತಲ್ಲ. ನನಗದು ಸರಿ ಕಾಣಲ್ಲ. ಆ ಕುಡಿಕೆಯಲ್ಲಿ ಟೀ ಕುಡಿದವನು ಅವನು, ಕಾಂಗ್ರೆಸ್ ಅಲ್ಲ.

ಅಣ್ಣನ ಮಗನಿಗೆ ಮಾರನೇ ದಿನ ಕ್ಲ್ಯಾಕ್ಸ್‌ಟನ್ ಕತೆ ಹೇಳಿದೆ, ಕಾರ್ಡಿನ ಫೋಟೊ ಕಳಿಸಿದೆ. ಆಮೇಲೆ ಏನಾದ ಅಂತ ಕೇಳಿದ. ಓಕ್‌ಲ್ಯಾಂಡಿನವರು ಬಿಟ್ಟರೂ ಅವನು ಆಟ ಬಿಡಲಿಲ್ಲ, ವಯಸ್ಸಾಗೋವರೆಗೂ ಊರೂರಲ್ಲಿ ಎಸೀತಿದ್ದ, 1969ರಲ್ಲಿ ಟಕೋಮಾದವರು ತಮ್ಮ ಕ್ರೀಡಾ ಗೌರವ ಪಟ್ಟಿಗೆ ಸೇರಿಸಿದ್ರು, ಮರುವರ್ಷ ತೀರಿಕೊಂಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಬಾಯಿಬಿಟ್ಟ ಗೆಳೆಯ?" ಅಂದ. ಅವನ ಹೆಸರಿನ ಕಾರ್ಡು ಯಾವುದೂ ಇಲ್ಲ ಕಣೋ ಅಂದೆ. ನಕ್ಕ.

ಧಾರವಾಡದ ಗೆಳೆಯರೇ, ನಿಮ್ಮಲ್ಲಿ ಯಾರ ಹತ್ರಾನಾದ್ರೂ ಬಾಳೂ ಹಳೇ ಫೋಟೊ ಇದ್ರೆ ಕಾಮೆಂಟಲ್ಲಿ ಹಾಕಿ. ಹುಡುಗನಿಗೆ ಒಂದು ಕಾರ್ಡು ಮಾಡಿಸಿ ಕೊಡೋಣ ಅಂತಿದ್ದೀನಿ.