ಉಮರ್ಗಾ–ನಿಲಂಗಾ–ಉದಗೀರ ಗಡಿಭಾಗದ ಕೆರೆ ಮೀನುಗಾರಿಕೆ

ಮಹಾರಾಷ್ಟ್ರದ ಧಾರಾಶಿವ, ಲಾತೂರ ಜಿಲ್ಲೆಗಳ ಈ ಮೂರು ಗಡಿ ತಾಲ್ಲೂಕುಗಳು ಬಹುಮಟ್ಟಿಗೆ ಮಾಂಜ್ರಾ ಕೊಳ್ಳಕ್ಕೆ ಸೇರಿವೆ. ಉಮರ್ಗಾದ ನೆರೆಯ ಲೋಹಾರಾ ತಾಲ್ಲೂಕಿನ ಮಾಕಣಿ ಬಳಿ ತೇರ್ಣಾ ನದಿಗೆ ಕಟ್ಟಿದ ಜಲಾಶಯ ಇಲ್ಲಿನ ದೊಡ್ಡ ನೀರಾಸರೆ. ಮೀನು ಹಿಡಿಯುವವರಲ್ಲಿ ಭೋಯಿ, ಕೋಳಿ ಸಮುದಾಯದವರು ಮುಖ್ಯರು.

ಆಡಳಿತ

ನಿಲಂಗಾ, ಉದಗೀರ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯ ಬಳಿಕ ಈ ಗಡಿಯಲ್ಲಿ ಒಂದೇ ಮಾಂಜ್ರಾ ನದಿಯ ಮೀನು ಎರಡು ಸರ್ಕಾರಗಳ ಪಾಲಾಯಿತು. ಗಡಿಯಾಚೆ ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ನಡೆದರೆ, ಈಚೆ ಮಹಾರಾಷ್ಟ್ರದ ನಿಯಮಗಳು. ನೀರಿಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತ್ತು. ಕೆರೆಗಳನ್ನು ಗುತ್ತಿಗೆಗೆ ಕೊಡುವಾಗ ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯಿದೆ.

ಮೀನುಮರಿ

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆಮೀನುಗಳು ಮಳೆಗಾಲದಲ್ಲಿ ಹರಿಯುವ ಹೊಸನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಆದ್ದರಿಂದ ವರ್ಷವರ್ಷವೂ ಮರಿ ಬಿಡಬೇಕು. ಹಿಂದೆ ನದಿಯಿಂದ ಹಿಡಿದು ತಂದ ಮರಿಗಳಲ್ಲಿ ಬೇಡದ ಜಾತಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ ಮರಿಕೇಂದ್ರಗಳಿಗೆ ದಾರಿಯಾಯಿತು. ಆ ವಿಧಾನದಲ್ಲಿ ಸಂಜೆ ಹೆಣ್ಣುಮೀನಿಗೆ ಬಾಲದ ಬುಡದ ಬಳಿ ಮೊದಲ ಸೂಜಿ ಚುಚ್ಚುತ್ತಾರೆ. ಸುಮಾರು ಆರು ತಾಸಿನ ನಂತರ ಹೆಣ್ಣಿಗೆ ಎರಡನೆಯದು, ಗಂಡಿಗೆ ಮೊದಲನೆಯದು. ಬಳಿಕ ಅವನ್ನು ‘ಹಾಪಾ’ ಎಂಬ ಬಟ್ಟೆಯ ತೊಟ್ಟಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಮೊಟ್ಟೆ ಸಿದ್ಧ. ಈಗ ಒಂದೇ ಸಲ ಚುಚ್ಚುವ ಕೃತಕ ಹಾರ್ಮೋನು ಬಳಕೆಯಲ್ಲಿದೆ.

ಮೊಟ್ಟೆಯೊಡೆದ ಮರಿ ಬೆರಳುದ್ದ ಬೆಳೆಯಲು ಎರಡು–ಮೂರು ತಿಂಗಳು ಬೇಕು. ಅದಕ್ಕೂ ಚಿಕ್ಕದನ್ನು ಜಲಾಶಯಕ್ಕೆ ಬಿಟ್ಟರೆ ಕೊರವದಂಥ ಬೇಟೆಮೀನುಗಳ ಹೊಟ್ಟೆ ಸೇರುತ್ತದೆ. ಬಲಿತ ಮರಿ ತಡವಾದರೆ ಮೀನು ಮಾರುವ ತೂಕಕ್ಕೆ ಬರುವ ಮೊದಲೇ ಬೇಸಿಗೆ ಬರುತ್ತದೆ. ಈ ಸೀಮೆಯಲ್ಲಿ ಸರ್ಕಾರದ ಅತ್ಯಂತ ಮಹತ್ವದ ಕೆಲಸವೆಂದರೆ ಬಲಿತ ಮರಿಯನ್ನು ಹೊತ್ತಿಗೆ ಸರಿಯಾಗಿ ಒದಗಿಸುವುದು.

ನೀರು ಮತ್ತು ಬಲೆ

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದೇ ಅಳತೆ ಇಲ್ಲಿಗೆ ಹೊಂದದು. ಮೇ ತಿಂಗಳಲ್ಲಿ ಬತ್ತುವ ಕೆರೆಯಲ್ಲಿ ಹಿಡಿಯದೆ ಬಿಟ್ಟ ಗೆಂಡೆ ಸತ್ತೇ ಹೋಗುತ್ತದೆ. ನೀರು ಉಳಿಯುವ ಜಲಾಶಯದಲ್ಲಿ ಮಾತ್ರ ದೊಡ್ಡ ಕಣ್ಣಿನ ಬಲೆ ಬಳಸಿ ಎಳೆಮೀನನ್ನು ಬೆಳೆಯಲು ಬಿಡುವುದರಲ್ಲಿ ಅರ್ಥವಿದೆ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ರೈಲಿನಲ್ಲಿ ಲಾತೂರಿಗೆ ಕುಡಿಯುವ ನೀರು ತರಬೇಕಾಯಿತು. ಅಂಥ ವರ್ಷ ಮೀನಿಗೆ ನೀರು ಕಾಯ್ದಿಡುವುದು ಕಷ್ಟ. ಗುತ್ತಿಗೆಯ ಹಣದಲ್ಲಿ ರಿಯಾಯಿತಿ ಕೊಡುವುದು ನ್ಯಾಯ.

ಶಿಕ್ಷಣ

ಉದಗೀರದಲ್ಲಿ ಮೀನುಗಾರಿಕಾ ವಿಜ್ಞಾನ ಕಾಲೇಜು ಇದೆ; ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರದಲ್ಲಿದೆ. ಮಾಂಜ್ರಾ ಕೊಳ್ಳಕ್ಕೆ ಮರಿ ಬಿಡುವ ವೇಳಾಪಟ್ಟಿಯನ್ನು ಎರಡೂ ಕಡೆಯವರು ಕೂಡಿ ರೂಪಿಸಲು ಬೇಕಾದ ವಿದ್ಯೆ ಈ ಎರಡು ಊರುಗಳಲ್ಲೇ ಇದೆ.